ಹದಿನೇಳನೆಯ ಹಾಳೆ

ಮೂರನೆಯ ಬಾರಿ ಕೂಡಿಸಿದಾಗಲೂ ಉತ್ತರ ಬದಲಾಗಲಿಲ್ಲ. ಶೈಲಾ ಕ್ಯಾಲ್ಕುಲೇಟರನ್ನು ಪಕ್ಕಕ್ಕೆ ಸರಿಸಿ, ಪೆನ್ಸಿಲನ್ನು ನೋಟ್‌ಬುಕ್ಕಿನ ನಡುವೆ ಇಟ್ಟು, ನಲವತ್ತೆರಡು ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವಿದಳು. ಪ್ರತಿ ಹಾಳೆಯಲ್ಲೂ ಮರಾಠಿಯಲ್ಲಿ ಅಚ್ಚಾದ ಇಪ್ಪತ್ತು ಪ್ರಶ್ನೆಗಳು. ಆಟ ನಿಲ್ಲಿಸಬೇಕೆಂದುಕೊಂಡೂ ನಿಲ್ಲಿಸಲಾಗದೆ ಹೋಗಿದೆಯೆ? ಎಷ್ಟು ಹೊತ್ತು ಆಡಿದಿರೆಂದು ಮನೆಯವರಿಗೆ ಸುಳ್ಳು ಹೇಳಿದ್ದೀರಾ? ಆಡದ ದಿನ ಸಿಡುಕು ಬರುತ್ತದೆಯೆ? ಪ್ರತಿ ಪ್ರಶ್ನೆಯ ಮುಂದೆ ಐದು ಮನೆಗಳು. ‘ಎಂದೂ ಇಲ್ಲ’ ಎಂಬುದಕ್ಕೆ ಒಂದು ಅಂಕ, ‘ಯಾವಾಗಲೂ’ ಎಂಬುದಕ್ಕೆ ಐದು. ಒಟ್ಟು ಎಪ್ಪತ್ತು ದಾಟಿದರೆ ವಿಡಿಯೊ ಆಟ ಆ ವಿದ್ಯಾರ್ಥಿಗೆ ತೊಂದರೆಯ ಮಟ್ಟಕ್ಕೆ ಬಂದಿದೆ ಎಂದು ಲೆಕ್ಕ.

ನಲವತ್ತೊಂದು ಹಾಳೆಗಳ ಮೊತ್ತ ಐವತ್ತೇಳರಿಂದ ಅರವತ್ತನಾಲ್ಕರ ಒಳಗಿತ್ತು. ತನ್ನ ಎಂ.ಫಿಲ್. ಅಧ್ಯಯನಕ್ಕಾಗಿ ಅವಳು ಹಿಂದೆ ಹೋಗಿದ್ದ ಎರಡು ಐಟಿಐಗಳಲ್ಲಿ ಒಬ್ಬ ವಿದ್ಯಾರ್ಥಿಯದು ಇಪ್ಪತ್ತೆರಡು ಬಂದರೆ ಪಕ್ಕದವನದು ಎಪ್ಪತ್ತೈದು ಬಂದಿತ್ತು. ಮನುಷ್ಯರನ್ನು ಅಳೆದಾಗ ಅಂಕಗಳು ಹಾಗೆ ಚದುರುವುದೇ ಸಹಜ. ಯೆರವಡಾದಾಚೆಯ ಈ ಸಂಸ್ಥೆಯ ಫಿಟ್ಟರ್ ತರಗತಿಯಲ್ಲಿ ಮಾತ್ರ ಎಲ್ಲರೂ ಒಂದೇ ಅಚ್ಚಿನಿಂದ ತೆಗೆದವರಂತೆ ಅರವತ್ತರ ಸುತ್ತ ನಿಂತಿದ್ದರು. ಉಳಿದ ಒಂದು ಹಾಳೆಯ ಮೊತ್ತ ಎಂಬತ್ತನಾಲ್ಕು.

ಇನ್ನೊಂದು ವಿಚಿತ್ರವೂ ಅವಳ ಕಣ್ಣಿಗೆ ಬಿತ್ತು. ಹೆಸರು ಬರೆಯಬೇಡಿ, ತಾಯಿಯ ಹೆಸರಿನ ಮೊದಲ ಅಕ್ಷರವನ್ನೂ ನಿಮ್ಮ ಜನ್ಮದಿನಾಂಕವನ್ನೂ ಮಾತ್ರ ಮೇಲಿನ ಚೌಕದಲ್ಲಿ ಬರೆಯಿರಿ ಎಂದು ಅವಳು ಸ್ಪಷ್ಟವಾಗಿ ಹೇಳಿದ್ದಳು. ಚೌಕವನ್ನು ಬಹುತೇಕ ಎಲ್ಲರೂ ಖಾಲಿ ಬಿಟ್ಟಿದ್ದರು. ಬದಲಿಗೆ ಪ್ರತಿ ಹಾಳೆಯ ಬಲಗಡೆಯ ಕೆಳಮೂಲೆಯಲ್ಲಿ, ಅಂಚಿನಿಂದ ಒಂದೇ ಅಂತರದಲ್ಲಿ, ಒಂದೊಂದು ಅಂಕಿ ಇತ್ತು. ಎಂಬತ್ತನಾಲ್ಕು ಬಂದ ಹಾಳೆಯ ಮೂಲೆಯಲ್ಲಿ ಹದಿನೇಳು ಎಂದಿತ್ತು.

ಅವಳಿಗೆ ಬರೆಯಲು ಕೊಟ್ಟಿದ್ದ ಆ ಕೋಣೆ ಸಂಸ್ಥೆಯ ಹಳೆಯ ನಕಾಶೆಗಳನ್ನಿಡುವ ಜಾಗ. ಬಾಗಿಲ ಬಳಿ ಚಪ್ಪಲಿಯ ಸದ್ದಾಗಿ ಪ್ರಾಚಾರ್ಯ ದಿಗಂಬರ ಖೇಡಕರ ಒಳಗೆ ಬಂದರು. ಐವತ್ತೈದು ದಾಟಿದ, ಮೆಲುಮಾತಿನ ಮನುಷ್ಯ. ಕುರ್ಚಿ ಎಳೆದುಕೊಳ್ಳುವ ಮೊದಲು ಅವಳ ಅನುಮತಿ ಕೇಳಿದರು.

“ಕೆಲಸ ಮುಗಿಯುತ್ತ ಬಂತೇ, ಮ್ಯಾಡಮ್?” ಎಂದು ಮರಾಠಿಯಲ್ಲಿ ವಿಚಾರಿಸಿದರು. “ಶನಿವಾರ ಕೆಲಸಕ್ಕೆ ಆರಿಸಿದ ಆರು ಜನರ ಪಟ್ಟಿ ಕಂಪನಿಗೆ ಕಳಿಸಬೇಕು. ಅದಕ್ಕೆ ಮೊದಲು ನಿಮ್ಮ ಎಪ್ಪತ್ತರ ಮೇಲಿನವರು ಯಾರು ಅಂತ ನನಗೆ ಗೊತ್ತಾದರೆ ಒಳ್ಳೆಯದು.”

“ಹೆಸರು ತೆಗೆದುಕೊಂಡಿಲ್ಲ ಸರ್. ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.”

ಖೇಡಕರರು ಮೇಲಿದ್ದ ಹಾಳೆಯನ್ನು ಮುಟ್ಟದೆ, ಅದರ ಮೂಲೆಯ ಅಂಕಿಯ ಕಡೆ ಬೆರಳು ತೋರಿಸಿದರು. “ಇದು ಹಾಜರಿ ಸಂಖ್ಯೆ. ಇನ್ನು ಹೆಸರು ಯಾಕೆ ಬೇಕು?”

ಶೈಲಾ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡಳು. ಖೇಡಕರರು ಕಿಟಕಿಯ ಕಡೆ ತಿರುಗಿದರು.

“ನಾನು ಯಾರ ಅನ್ನಕ್ಕೂ ಕಲ್ಲು ಹಾಕುವವನಲ್ಲ. ಹೋದ ವರ್ಷ ಇಲ್ಲಿಂದ ಹೋದ ಹುಡುಗನೊಬ್ಬ ಪ್ರೆಸ್ ಯಂತ್ರದ ಮುಂದೆ ತೂಕಡಿಸಿದ. ಎಡಗೈಯ ಎರಡು ಬೆರಳು ಹೋದವು. ರಾತ್ರಿಯೆಲ್ಲ ಕಂಪ್ಯೂಟರ್ ಅಂಗಡಿಯಲ್ಲಿ ಆಟವಾಡುತ್ತಿದ್ದನಂತೆ. ಅವನ ತಾಯಿ ಬಂದು ನನ್ನ ಆಫೀಸಿನಲ್ಲಿ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ನಿಮ್ಮ ಸಂಶೋಧನೆಗೆ ಅನುಮತಿ ಕೊಟ್ಟಿದ್ದೇ ಅದಕ್ಕೆ. ಚೊಕ್ಕಟವಾಗಿ ಒಂದು ಪಟ್ಟಿ ಮಾಡಿ ಕೊಡಿ, ಸಾಕು.”

ಅವರು ಹೋದ ಮೇಲೆ ಶೈಲಾ ಹಾಳೆಗಳನ್ನು ಚೀಲಕ್ಕೆ ಹಾಕಿ ಕಾರ್ಯಾಗಾರದತ್ತ ನಡೆದಳು. ಅನುಮತಿ ಪತ್ರದಲ್ಲಿ ಒಂದು ಷರತ್ತಿತ್ತು: ಅಂಕಗಳನ್ನು ಬರೆದುಕೊಂಡ ಮೇಲೆ ತುಂಬಿದ ಹಾಳೆಗಳು ಸಂಸ್ಥೆಯ ಕಪಾಟಿನಲ್ಲೇ ಉಳಿಯಬೇಕು. ಹೆಸರಿಲ್ಲದ ಹಾಳೆಗಳೆಂಬ ನಂಬಿಕೆಯಿಂದ ಅವಳು ಅದಕ್ಕೆ ಸಹಿ ಹಾಕಿದ್ದಳು.

ಕಾರ್ಯಾಗಾರ ಖಾಲಿಯಾಗಿತ್ತು, ಹುಡುಗರು ಪಾಠದ ಕೋಣೆಯಲ್ಲಿದ್ದರು. ಉದ್ದನೆಯ ಬೆಂಚುಗಳಿಗೆ ಬಿಗಿದ ವೈಸುಗಳೆಂಬ ಇಕ್ಕಳಗಳ ಕೆಳಗೆ ಕಬ್ಬಿಣದ ಪುಡಿ ಬೂದಿಯಂತೆ ಬಿದ್ದಿತ್ತು. ಬೋಧಕ ಹೊಳಬಸಪ್ಪ ಮೇಜಿನ ಮೇಲೆ ಉಕ್ಕಿನ ಚಿಕ್ಕ ತುಂಡುಗಳನ್ನು ಸಾಲಾಗಿ ಜೋಡಿಸಿಕೊಂಡು, ಒಂದೊಂದನ್ನೂ ವರ್ನಿಯರ್ ಕ್ಯಾಲಿಪರಿನ ದವಡೆಯಲ್ಲಿ ಹಿಡಿದು ಅಳೆಯುತ್ತಿದ್ದರು. ಇಂಡಿ ತಾಲ್ಲೂಕಿನವರು, ಖಡಕಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು ಇಲ್ಲಿಗೆ ಬಂದವರು. ಶೈಲಾಳ ಮನೆತನ ವಿಜಾಪುರದ್ದೆಂದು ತಿಳಿದ ದಿನದಿಂದ ಅವಳೊಡನೆ ಅವರು ಮರಾಠಿ ಆಡಿದ್ದಿಲ್ಲ.

“ಬರ್ರಿ ಬಾಯಾರ. ಕೂಡ್ರಿ. ಸ್ಟೂಲ್ ಒರಸೀನಿ, ಎಣ್ಣಿ ಇಲ್ಲ.”

ಅವಳ ಕಣ್ಣು ಉಕ್ಕಿನ ತುಂಡುಗಳ ಮೇಲೆ ನಿಂತಿತು. ಪ್ರತಿ ತುಂಡಿನ ಬಲಗಡೆಯ ಕೆಳಮೂಲೆಯಲ್ಲಿ, ಅಂಚಿನಿಂದ ಒಂದೇ ಅಂತರದಲ್ಲಿ, ಒಂದು ಅಂಕಿಯನ್ನು ಪಂಚಿನಿಂದ ಒತ್ತಿದ್ದರು.

“ಈ ನಂಬರ ಯಾಕ್ರಿ ಸರ್?”

“ಹಾಜರಿ ನಂಬರ. ನಂಬರ ಇಲ್ಲದ ಜಾಬ್ ತುಂಡ ನಾ ಕೈಯಾಗ ಹಿಡಿಯೂದಿಲ್ಲ. ಮೊದಲನೇ ದಿನಾನ ಹೇಳಿರತೀನಿ, ಏನ ಕೊಟ್ಟರೂ ಮೂಲಿಗೆ ನಂಬರ ಇರಬೇಕು ಅಂತ. ಒಬ್ಬಾವ ರಜಾ ಚೀಟಿ ಮ್ಯಾಲೂ ಮೂಲಿಗೆ ಬರದಿದ್ದ.” ಅವರು ನಕ್ಕರು.

ಶೈಲಾ ಚೀಲದಿಂದ ಹಾಳೆಗಳನ್ನು ತೆಗೆದು ಅವರ ಮುಂದಿಟ್ಟಳು. ನಗು ಅವರ ಮುಖದಿಂದ ನಿಧಾನವಾಗಿ ಇಳಿಯಿತು.

“ಅವರ ಚಟಾನ ಅದು,” ಎಂದರು. “ನಾ ಹೇಳಿದ್ದಲ್ಲ ಇದು.”

“ಮತ್ತ ಏನ ಹೇಳಿದ್ರಿ ಸರ್? ನಲವತ್ತೊಂದು ಮಂದಿ ಅರವತ್ತರ ಸುತ್ತಾನ ಅದಾರ. ಮೂರು ಆಕಡೆ, ನಾಕು ಈಕಡೆ.”

ಹೊಳಬಸಪ್ಪ ಕ್ಯಾಲಿಪರನ್ನು ಒರೆಸಿ ಅದರ ಪೆಟ್ಟಿಗೆಯಲ್ಲಿಟ್ಟರು. ಮುಚ್ಚಳ ಮುಚ್ಚಿದ ಮೇಲೆಯೇ ಮಾತನಾಡಿದರು.

“ನೀವು ಹಾಳಿ ಹಂಚಿ ಚಹಾಕ್ಕ ಹೋದ್ರಿ. ಹುಡುಗೂರು ನನ್ನ ಮಾರಿ ನೋಡಾಕ ಹತ್ತಿದ್ರು. ಸರ್, ಬರೋಬ್ಬರಿ ಅಳತಿ ಎಷ್ಟರಿ ಅಂದ್ರು. ಪ್ರಾಚಾರ್ಯರು ಈ ಹಾಳಿ ನೋಡಿ ಪಟ್ಟಿ ಮಾಡ್ತಾರ ಅಂತ ನನಗ ಗೊತ್ತಿತ್ತು. ಅದಕ್ಕ ಹೇಳಿದೆ, ನಡುವಿನ ಮನಿ ಹಿಡೀರಿ, ಎಲ್ಲೆರ ಒಂದು ಮನಿ ಆಕಡೆ, ಒಂದು ಮನಿ ಈಕಡೆ ಹೋಗ್ರಿ, ಅದಕ್ಕಿಂತ ದೂರ ಹೋಗಬ್ಯಾಡ್ರಿ ಅಂತ.”

“ಎಲ್ಲಾರೂ ‘ಎಂದೂ ಇಲ್ಲ’ ಅಂತ ಬರದಿದ್ರ ಸಾಕಾಗಿತ್ತಲ್ರಿ.”

“ಅದನ್ನ ಯಾರು ನಂಬ್ತಾರ್ರಿ? ಹತ್ತ ಕಡೆ ಅಳತಿ, ಹತ್ತೂ ಕಡೆ ಒಂದು ಕೂದಲೆಳಿ ಫರಕ ಇಲ್ಲ ಅಂತ ಹುಡುಗ ಬರಕೊಂಡ ಬಂದ್ರ, ಇಂವ ಅಳದೇ ಇಲ್ಲ ಅಂತ ನನಗ ಆಗಿಂದಾಗ ತಿಳೀತದ. ಸ್ವಲ್ಪ ಹೆಚ್ಚು ಕಡಿಮಿ ಇರಬೇಕು.” ತಾವು ಹೇಳಿದ್ದರ ಜಾಣತನದಲ್ಲಿ ಅವರಿಗೆ ಇನ್ನೂ ತುಸು ವಿಶ್ವಾಸ ಉಳಿದಿದ್ದಂತೆ ತೋರಿತು. ಆಮೇಲೆ ದನಿ ತಗ್ಗಿಸಿದರು. “ಒಬ್ಬಾವ ಕೇಳಲಿಲ್ಲ, ಹೌದಿಲ್ರಿ? ಹದಿನೇಳು.”

ಶೈಲಾ ಹಾಳೆಗಳನ್ನು ಕೂಡಿಸಿ ಚೀಲಕ್ಕೆ ಹಾಕತೊಡಗಿದಳು.

“ಚನ್ನವೀರ. ಅವನಽ ಇರಬೇಕು.” ಹೊಳಬಸಪ್ಪ ಸಾಲಿನಿಂದ ಒಂದು ತುಂಡನ್ನು ಎತ್ತಿ ಅವಳ ಅಂಗೈಯಲ್ಲಿಟ್ಟರು. ನಾಲ್ಕೂ ಬದಿ ಅರದಿಂದ ಉಜ್ಜಿ ಸಮ ಮಾಡಿದ್ದ ಆ ಚೌಕ ತಣ್ಣಗಿತ್ತು, ಅದರ ಗಾತ್ರಕ್ಕಿಂತ ಭಾರವಾಗಿತ್ತು. “ಈ ವರ್ಷದ ಪೈಕಿ ಇಂಥ ಕೈ ಇನ್ನೊಂದಿಲ್ಲ. ಮತ್ತ ನೋಡ್ರಿ, ಒಂದು ಬದಿ ಮಿಲಿಮೀಟರಿನ ನೂರು ಪಾಲಿನಾಗ ಆರು ಪಾಲು ಕಡಿಮಿ ಆಗ್ಯಾದ. ಅದನ್ನ ತಾನಽ ಬರದಾನ. ಬರೀದಿದ್ರ ನಾ ನೋಡ್ತಿದ್ದಿಲ್ಲ. ಹೇಳಿದ್ರ ಕೇಳೂದಿಲ್ಲ ಬಾಯಾರ, ಕಂಡಿದ್ದನ್ನಽ ಬರಿಯಾಂವ.” ಅವರು ಕೈ ಚಾಚಿದರು. “ಒಂದು ಕೋರಾ ಹಾಳಿ ಕೊಡ್ರಿ. ನಾ ಕೂಡಿಸಿ ಬರಸ್ತೀನಿ. ಅವನ ಸೋದರಮಾವ ಹಿಟ್ಟಿನ ಗಿರಣಿ ನಡಸ್ತಾನ. ಈ ಸಲ ಕಂಪನಿಗೆ ಹೋಗಲಿಲ್ಲಂದ್ರ ಅಲ್ಲೇ ಹಿಟ್ಟ ಬೀಸ್ಕೋತ ಕೂಡಬೇಕಾಗತದ.”

“ಹಂಗ ಮಾಡಾಕ ಬರೂದಿಲ್ರಿ ಸರ್.”

“ಯಾಕ ಬರೂದಿಲ್ಲ? ನಲವತ್ತೊಂದು ಸುಳ್ಳದಾವ. ಅದರಾಗ ಇನ್ನೊಂದು.”

“ಅದಕ್ಕಽ ಬರೂದಿಲ್ಲ,” ಎಂದಳು ಶೈಲಾ. ಆದರೆ ಆ ತುಂಡನ್ನು ಅವಳು ಕೂಡಲೇ ಕೆಳಗಿಡಲಿಲ್ಲ.

ಸಂಸ್ಥೆಯ ಹೊರಗಿನ ಬೇವಿನ ಮರದ ಕೆಳಗೆ ನಿಂತು ಅವಳು ತನ್ನ ಮಾರ್ಗದರ್ಶಕಿ ಭಾಮಾ ಮೇಡಂ ಅವರಿಗೆ ಫೋನು ಮಾಡಿದಳು. ಭಾಮಾ ಮೇಡಂ ಎಲ್ಲವನ್ನೂ ಕೇಳಿ, ಮೊದಲು ಲೆಕ್ಕವನ್ನೇ ಹೇಳಿದರು. ಎಂ.ಫಿಲ್. ಪ್ರಬಂಧಕ್ಕೆ ನೂರಿಪ್ಪತ್ತು ವಿದ್ಯಾರ್ಥಿಗಳು ಬೇಕು. ಈ ನಲವತ್ತೆರಡನ್ನು ಬಿಟ್ಟರೆ ಎಂಬತ್ತೊಂದು ಉಳಿಯುತ್ತದೆ. ಜನವರಿಯಲ್ಲಿ ಪ್ರಬಂಧ ಸಲ್ಲಿಸುವುದು ಆಗದು. ಜೂನಿನಲ್ಲಿ ಕಾಲೇಜಿನಲ್ಲಿ ತೆರವಾಗುವ ಅಧ್ಯಾಪಕಿಯ ಜಾಗ ಇನ್ನೊಬ್ಬರದಾಗುತ್ತದೆ.

“ಅಂಕಗಳು ಬಿಗಿಯಾಗಿವೆ ಎಂದು ಒಂದು ಟಿಪ್ಪಣಿ ಹಾಕಿ ಮುಂದಕ್ಕೆ ಹೋಗುವವರೂ ಇದ್ದಾರೆ,” ಎಂದರು ಭಾಮಾ ಮೇಡಂ. “ನಾನು ಹಾಗೆ ಮಾಡು ಎನ್ನುವುದಿಲ್ಲ. ಮಾಡಬೇಡ ಎಂದರೆ ನಷ್ಟ ನಿನ್ನದು, ನನ್ನದಲ್ಲ. ನೀನೇ ತೀರ್ಮಾನಿಸು.”

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಶೈಲಾ ಪ್ರಾಚಾರ್ಯರ ಮೇಜಿನ ಮೇಲೆ ಒಂದು ಪುಟದ ಪತ್ರವನ್ನಿಟ್ಟಳು. ಉತ್ತರಗಳನ್ನು ವಿದ್ಯಾರ್ಥಿಗಳು ಸ್ವತಂತ್ರವಾಗಿ ಕೊಟ್ಟಿಲ್ಲವೆಂದು ತಿಳಿದುಬಂದಿರುವುದರಿಂದ ಈ ತರಗತಿಯ ಎಲ್ಲ ನಲವತ್ತೆರಡು ಹಾಳೆಗಳನ್ನೂ ಅಧ್ಯಯನದಿಂದ ಕೈಬಿಡಲಾಗಿದೆ. ಹಾಳೆಗಳನ್ನು ಹಂಚಿ ತಾನು ಕೋಣೆಯಿಂದ ಹೊರಗೆ ಹೋದದ್ದೇ ಇದಕ್ಕೆ ಕಾರಣ. ಈ ಹಾಳೆಗಳ ಆಧಾರದಿಂದ ಯಾವ ವಿದ್ಯಾರ್ಥಿಯ ವಿಷಯದಲ್ಲೂ ಯಾವ ತೀರ್ಮಾನಕ್ಕೂ ಬರಲಾಗದು. ಹೊಳಬಸಪ್ಪನವರ ಹೆಸರು ಅದರಲ್ಲಿ ಇರಲಿಲ್ಲ.

ಖೇಡಕರರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

“ಎಲ್ಲ ಹಾಳೆಗಳೂ ಸುಳ್ಳೇ?”

“ಬಹುತೇಕ ಎಲ್ಲವೂ ಸರ್.”

“ಬಹುತೇಕ.” ಅವರು ಆ ಮಾತನ್ನು ಹಿಡಿದುಕೊಂಡರು. “ಅಂದರೆ ನಿಜ ಬರೆದವನೊಬ್ಬ ಇದ್ದಾನೆ. ಅವನ ಅಂಕ ಎಪ್ಪತ್ತರ ಮೇಲಿದೆ. ಇಲ್ಲದಿದ್ದರೆ ನೀವು ಇಷ್ಟು ಕಷ್ಟಪಟ್ಟು ಪತ್ರ ಬರೆಯುತ್ತಿರಲಿಲ್ಲ.”

ಸುಳ್ಳು ಹೇಳುವ ಅಭ್ಯಾಸ ಶೈಲಾಗಿರಲಿಲ್ಲ, ಹೇಳಿದರೆ ಇವರಿಗೆ ತಿಳಿಯದೆ ಇರುವುದೂ ಇಲ್ಲ.

“ಎಪ್ಪತ್ತು ಎಂಬ ಗೆರೆಯನ್ನು ಎಳೆದದ್ದು ನಾನು ಸರ್. ಹೊರದೇಶದ ಕಾಲೇಜು ಹುಡುಗರ ಮೇಲೆ ಮಾಡಿದ ಲೆಕ್ಕದಿಂದ ತೆಗೆದುಕೊಂಡದ್ದು. ನಮ್ಮ ಐಟಿಐ ಹುಡುಗರಿಗೆ ಅದು ಎಲ್ಲಿರಬೇಕು ಎಂದು ಕಂಡುಹಿಡಿಯುವುದಕ್ಕೇ ಈ ಅಧ್ಯಯನ. ಗೆರೆಯೇ ನಿಂತಿಲ್ಲ. ಅದರ ಮೇಲೆ ಯಾರನ್ನಾದರೂ ನಿಲ್ಲಿಸಿ ಇವನು ಆಚೆ, ಇವನು ಈಚೆ ಎಂದು ನಾನು ಹೇಗೆ ಹೇಳಲಿ?”

“ನಾಳೆ ಒಬ್ಬನ ಬೆರಳು ಹೋದರೆ ಆಗ ಏನು ಹೇಳುತ್ತೀರಿ?”

ಈ ಪ್ರಶ್ನೆಗೆ ಅವಳು ಸಿದ್ಧಳಾಗಿಯೇ ಬಂದಿದ್ದಳು. ಎರಡು ವರ್ಷದ ಹಾಜರಿ ಇದೆ, ಕಾರ್ಯಾಗಾರದಲ್ಲಿ ಯಾರಿಗೆ ಯಾವಾಗ ಗಾಯವಾಯಿತೆಂಬ ದಾಖಲೆ ಇದೆ, ದಿನವೂ ಕಣ್ಣಾರೆ ನೋಡುವ ಬೋಧಕರಿದ್ದಾರೆ, ಅವುಗಳನ್ನು ನೋಡಿ ಆರಿಸಿ ಎಂದು ಹೇಳಬೇಕೆಂದಿದ್ದಳು, ಹೇಳಿದಳು ಕೂಡ. ಆದರೆ ಹೇಳುವಾಗಲೇ ಅದು ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರವಲ್ಲವೆಂದು ಅವಳಿಗೆ ಅನಿಸಿತು. ಖೇಡಕರರಿಗೂ ಹಾಗೆ ಅನಿಸಿರಬೇಕು. ಅವರು ಪತ್ರವನ್ನು ಮಡಚಿ ಕಡತದೊಳಗಿಟ್ಟರು.

“ಮೂರು ವಾರ ಬಿಟ್ಟು ಎರಡನೆಯ ಸಲ ಹಾಳೆ ತುಂಬಿಸಬೇಕು ಎಂದಿದ್ದಿರಿ. ಇನ್ನು ಅದು ಇಲ್ಲಿ ಬೇಡ. ಹುಡುಗರ ಪಾಠ ಕೆಡುತ್ತದೆ.”

“ಸರಿ ಸರ್.”

“ಹಾಳೆಗಳು ಕಪಾಟಿನಲ್ಲಿ ಇರಬೇಕು. ಅದು ಷರತ್ತು.” ಅವರು ಎದ್ದು, ಬೆನ್ನ ಹಿಂದಿನ ಕಪಾಟಿನ ಬೀಗ ತೆಗೆದು, ಬಾಗಿಲ ಬಳಿ ಒಂದು ಕ್ಷಣ ನಿಂತರು. “ಹಾಳೆಗಳು ಇರಬೇಕು ಅಂತಿದೆ. ಮೂಲೆಯ ಮಾತು ಅನುಮತಿ ಪತ್ರದಲ್ಲಿ ಎಲ್ಲೂ ಇಲ್ಲ. ಕತ್ತರಿ ಎರಡನೆಯ ಹಲಗೆಯ ಮೇಲಿದೆ. ನಾನು ಒಂದು ಸುತ್ತು ಹಾಕಿ ಬರುತ್ತೇನೆ.”

ಶೈಲಾ ನಾಲ್ಕು ನಾಲ್ಕು ಹಾಳೆಗಳನ್ನು ಅಂಚು ಕೂಡಿಸಿ ಹಿಡಿದು ಮೂಲೆಗಳನ್ನು ಕತ್ತರಿಸಿದಳು. ಚಿಕ್ಕ ಚಿಕ್ಕ ತ್ರಿಕೋನಗಳು ಮೇಜಿನ ಗಾಜಿನ ಮೇಲೆ ಉದುರಿದವು. ಅವುಗಳನ್ನು ಅಂಗೈಗೆ ಬಳಿದುಕೊಂಡು, ಎಣಿಸಿ, ಹರಿದು, ಲಕೋಟೆಯೊಂದಕ್ಕೆ ತುಂಬಿ ಚೀಲದಲ್ಲಿಟ್ಟುಕೊಂಡಳು. ಹಾಳೆಗಳನ್ನು ಕಪಾಟಿನೊಳಗಿಟ್ಟು ಹೊರಗೆ ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ಆ ತರಗತಿಗೆಂದು ಬಿಟ್ಟಿದ್ದ ಮೂರು ಪುಟಗಳ ಮೇಲೆ ಕರ್ಣರೇಖೆಯೊಂದು ಎಳೆದಾಗಿತ್ತು.

ಶುಕ್ರವಾರ ಸಂಜೆ ತನ್ನ ಉಳಿದ ಸಾಮಾನು ತೆಗೆದುಕೊಂಡು ಹೋಗಲು ಬಂದವಳು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ, ನೀಲಿ ಕೆಲಸದಂಗಿ ತೊಟ್ಟ ಹುಡುಗನೊಬ್ಬ ರಸ್ತೆ ದಾಟಿ ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ಹತ್ತೊಂಬತ್ತರ ವಯಸ್ಸು, ತೆಳ್ಳನೆಯ ಮುಖ, ಉಗುರ ಸುತ್ತ ಕಪ್ಪು.

“ಅಕ್ಕಾರ, ನಾ ಚನ್ನವೀರ ಅಂತ. ಹೊಳಬಸಪ್ಪ ಸರ್ ಕ್ಲಾಸು. ನಮ್ಮ ಹಾಳಿ ಎಲ್ಲಾ ರದ್ದಾದವಂತ, ಖರೇನ್ರಿ?”

“ಹೌದು.”

“ನಾ ಖರೇ ಬರದಿದ್ನಿ.” ಅವನ ಮಾತಿನಲ್ಲಿ ದೂರು ಇರಲಿಲ್ಲ. “ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ, ಇದ್ದದ್ದನ್ನ ಬರೀರಿ ಅಂತ ಮ್ಯಾಲ ಅಚ್ಚ ಹಾಕಿದ್ರಲ್ಲ. ಸರ್ ಬ್ಯಾಡಂದ್ರು. ಆದ್ರ ಆ ಪ್ರಶ್ನಿ ಓದ್ಕೋತ ಹೋದಂಗ, ಇದನ್ನ ಮಾಡಿದವ್ರಿಗೆ ನನ್ನ ಸುದ್ದಿ ಗೊತ್ತೈತಿ ಅನಿಸ್ತು. ಎಷ್ಟ ಬರತದೋ ನೋಡೂನು ಅಂತ ಬರದೆ.” ಅವನು ಕಾಲು ಬದಲಿಸಿ ನಿಂತ. “ಎಷ್ಟ ಬಂತ್ರಿ ನಂದು?”

ಒಬ್ಬೊಬ್ಬರ ಬಿಡಿ ಅಂಕವನ್ನು ಯಾರಿಗೂ ಹೇಳಬಾರದೆಂಬುದು ನಿಯಮ. ಆ ನಿಯಮ ಬೇರೆಯವರಿಂದ ಅವನನ್ನು ಕಾಯಲು ಇದ್ದದ್ದು. ಅವನಿಂದಲೇ ಅವನನ್ನು ಮುಚ್ಚಿಡಲು ಅಲ್ಲ ಎಂದು ಶೈಲಾಗೆ ತೋರಿತು.

“ಎಂಬತ್ತನಾಕು.”

“ನೂರಕ್ಕ?”

“ನೂರಕ್ಕ.”

ಚನ್ನವೀರ ಕೆಳಗೆ ನೋಡಿಕೊಂಡು ನಕ್ಕ. “ನನಗ ಯಾವದ್ರಾಗೂ ಇಷ್ಟ ಮಾರ್ಕ್ಸ ಬಿದ್ದಿಲ್ರಿ. ಮಾವಗ ಹೇಳಿದ್ರ ಪೇಢೆ ತರ್ತಾನ.” ನಗು ಬೇಗ ಮುಗಿಯಿತು. “ಎಷ್ಟಿರಬೇಕಿತ್ರಿ?”

“ಅದು ನನಗೂ ಬರೋಬ್ಬರಿ ಗೊತ್ತಿಲ್ಲ. ಕೂಡು.”

ಅವನು ಬೆಂಚಿನ ತುದಿಗೆ ಕುಳಿತ. ಶಿರೂರಿನ ಕಡೆ ಹೋಗುವ ಲಾರಿಗಳು ಒಂದರ ಹಿಂದೊಂದು ದೂಳೆಬ್ಬಿಸಿಕೊಂಡು ಹೋದವು. ಅವು ಹೋಗುವ ತನಕ ಕಾದು ಅವನು ಹೇಳಿದ: “ಪಟ್ಟಿಯೊಳಗ ನನ್ನ ಹೆಸರ ಅದ. ಸರ್ ಹೇಳಿದ್ರು. ಸೋಮವಾರ ಕಂಪನಿಗೆ ಹೋಗಬೇಕು. ಪ್ರೆಸ್ ಶಾಪ್ನ್ಯಾಗ ಹಾಕ್ತಾರಂತ.”

“ಛಲೋ ಆತಲ್ಲ.”

“ಮುಂಜಾನೆ ಹನ್ನೊಂದರ ಸುಮಾರ ನಿದ್ದಿ ಬರತದ್ರಿ ನನಗ. ನಿಂತಲ್ಲೇ. ಸರ್‌ಗೆ ಗೊತ್ತಿಲ್ಲ, ಅರ ಉಜ್ಜಾಕ ಹತ್ತಿದಂಗ ಕೈ ಆಡಸ್ತಿರತೀನಿ.”

ಖೇಡಕರರ ಆಫೀಸಿನಲ್ಲಿ ಮಾತೇ ಆಡದೆ ಕುಳಿತಿದ್ದ ಆ ತಾಯಿ ಶೈಲಾಳ ಕಣ್ಣ ಮುಂದೆ ಬಂದಳು. ಎದ್ದು ಹಿಂದಕ್ಕೆ ಹೋಗಿ ಖೇಡಕರರ ಬಾಗಿಲು ತಟ್ಟಲು ಹತ್ತು ನಿಮಿಷ ಸಾಕು. ಪಟ್ಟಿ ಹೋಗುವುದು ನಾಳೆ.

“ಇದನ್ನ ನನಗ ಯಾಕ ಹೇಳಾಕ ಹತ್ತೀದಿ?”

“ಮತ್ಯಾರಿಗೆ ಹೇಳಬೇಕ್ರಿ? ಸರ್‌ಗೆ ಹೇಳಿದ್ರ ಬೈತಾರ, ಮಾವಗ ಹೇಳಿದ್ರ ಹೊಡೀತಾನ. ನೀವು ಬರೇ ಕೇಳ್ಕೋತೀರಿ.” ಅವನು ಹೆಬ್ಬೆರಳಿನಿಂದ ಉಗುರಿನ ಕಪ್ಪನ್ನು ಕೆದಕಿದ. “ಐದಕ್ಕ ಕಂಪ್ಯೂಟರ್ ಅಂಗಡಿ ಒಳಗ ಹೋಗ್ತೀನಿ, ಅರ್ಧ ತಾಸು ಅಂತ. ಹೊರಗ ಬಂದಾಗ ಅಂಗಡಿಯಾಂವ ಷಟರ್ ಎಳೀತಿರತಾನ. ನಡುವಿನ ಹೊತ್ತು ಎಲ್ಲಿ ಹೋತು ಅನ್ನೂದು ನನಗ ಗೊತ್ತಾಗೂದಿಲ್ಲ. ಇದನ್ನ ಕಡಿಮಿ ಮಾಡೂದು ಹ್ಯಾಂಗ್ರಿ ಅಕ್ಕಾರ?”

ಈ ವಿಷಯದ ಮೇಲೆ ಶೈಲಾ ಮೂವತ್ತೊಂದು ಲೇಖನಗಳನ್ನು ಓದಿ ಟಿಪ್ಪಣಿ ಮಾಡಿದ್ದಳು. ಮೂವತ್ತೊಂದರಲ್ಲೂ ಅಳೆಯುವ ಬಗೆಯಿತ್ತು. ಅಳೆದಾದ ಮೇಲಿನ ಮಾತು ಕೊನೆಯ ಒಂದೆರಡು ಸಾಲಿಗೆ ಮುಗಿಯುತ್ತಿತ್ತು.

“ಗೊತ್ತಿಲ್ಲ,” ಎಂದಳು. ಅವನು ತಲೆಯಾಡಿಸಿದ, ಆ ಉತ್ತರ ಅವನಿಗೆ ಸಾಕಾದಂತೆ. “ಆದ್ರ ಆ ಹೊತ್ತು ಎಲ್ಲಿ ಹೋಗತದ ಅನ್ನೂದನ್ನ ನೋಡೂಣಂತ. ಒಳಗ ಹೋದದ್ದು ಎಷ್ಟಕ್ಕ, ಹೊರಗ ಬಂದದ್ದು ಎಷ್ಟಕ್ಕ, ಮಲಗಿದ್ದು ಎಷ್ಟಕ್ಕ. ದಿನಾ ಬರಿ. ಸೋಮವಾರ ಕಂಪನಿಯೊಳಗ ಮೊದಲನೇ ತಿಂಗಳು ಯಂತ್ರ ಬ್ಯಾಡ, ಬೆಂಚಿನ ಕೆಲಸಾನ ಕೊಡ್ರಿ ಅಂತ ಕೇಳು. ಕೊಡಲಿಲ್ಲಂದ್ರ ಹೊಳಬಸಪ್ಪ ಸರ್‌ಗೆ ನೀನಽ ನಿದ್ದಿ ಸುದ್ದಿ ಹೇಳಬೇಕು. ನೀ ಹೇಳಲಿಲ್ಲಂದ್ರ ನಾ ಹೇಳ್ತೀನಿ. ಹಾಳಿ ಮ್ಯಾಲಿಂದು ಯಾರಿಗೂ ಹೇಳೂದಿಲ್ಲ ಅಂತ ಮಾತ ಕೊಟ್ಟಿದ್ದೆ. ಈಗ ನೀ ಹೇಳಿದ್ದಕ್ಕ ಆ ಮಾತಿಲ್ಲ.”

“ಬೈತಾರ” ಎಂದ ಚನ್ನವೀರ. ಕೆದಕುತ್ತಿದ್ದ ಉಗುರನ್ನು ಬಿಟ್ಟು, “ಬೈಲಿ” ಎಂದ.

ಅವಳು ನೋಟ್‌ಬುಕ್ಕಿನಿಂದ ಗೆರೆಯಿಲ್ಲದ ಒಂದು ಹಾಳೆಯನ್ನು ಹರಿದು ಕೊಟ್ಟಳು. ಅವನು ಎದೆಯ ಜೇಬಿನಿಂದ ಆರಿಂಚಿನ ಉಕ್ಕಿನ ಅಳತೆಪಟ್ಟಿ ತೆಗೆದು, ಅವಳ ಪೆನ್ಸಿಲು ಕೇಳಿ ಪಡೆದು, ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸಕ್ಕೆ ತೊಡಗಿದ. ಮೊದಲು ಅಂಚಿನಿಂದ ಅಳೆದು ಚುಕ್ಕೆಗಳನ್ನಿಟ್ಟ. ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದ. ಏಳು ದಿನ, ನಾಲ್ಕು ಕಂಬಸಾಲು. ಒಂದು ಗೆರೆಯೂ ಇನ್ನೊಂದನ್ನು ದಾಟಿ ಮುಂದೆ ಹೋಗಲಿಲ್ಲ. ಮೊದಲ ಮನೆಯಲ್ಲಿ ಶುಕ್ರವಾರ ಎಂದು ಬರೆದ.

“ಈಗ ಎಷ್ಟಾತ್ರಿ?”

“ಐದಕ್ಕ ಹತ್ತು ಕಡಿಮಿ.”

ರಸ್ತೆಯ ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು. ಚನ್ನವೀರ ಎದ್ದು ನಿಂತ, ಹಾಳೆಯನ್ನು ಮಡಚಲಿಲ್ಲ. ಬಸ್ಸು ನಿಂತು ಅವಳು ಹತ್ತಿ ಕಿಟಕಿಯ ಪಕ್ಕ ಕುಳಿತ ಮೇಲೂ ಅವನು ನಿಲ್ದಾಣದಲ್ಲೇ ಇದ್ದ. ಗಾಳಿಗೆ ಪಟಪಟಿಸುತ್ತಿದ್ದ ಹಾಳೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಎದುರಿನ ಓಣಿಯತ್ತ ನೋಡುತ್ತಿದ್ದ. ಓಣಿಯ ತುದಿಯಲ್ಲಿ ಕಂಪ್ಯೂಟರ್ ಅಂಗಡಿಯವನು ಆಗಷ್ಟೇ ತೆರೆದ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದ.